ಅರ್ಧ ಗುಳಿಗೆ

ಹೋದ ವಾರ ಅಡುಗೆಮನೆಯ ಟ್ಯೂಬ್‌ಲೈಟು ಬಿಟ್ಟುಬಿಟ್ಟು ಮಿಣುಕತೊಡಗಿತು. ನನ್ನ ಕೈ ತಾನಾಗಿ ಮೇಲೆದ್ದು ಒಂದು ಕಣ್ಣು ಮುಚ್ಚಿತು. ನನಗೆ ಯಾವ ರೋಗವೂ ಇಲ್ಲ. ಅದು ನನ್ನ ಓರಗಿತ್ತಿಯ ಚಾಳಿ. ಅವಳು ಸತ್ತು ಹನ್ನೊಂದು ವರ್ಷವಾಯಿತು...

ನನ್ನ ಮೈದುನನ ಹೆಂಡತಿಯಾಗಿ ಅವಳು ಹರಿಹರದಿಂದ ನಮ್ಮ ನಿಟ್ಟುವಳ್ಳಿ ಮನೆಗೆ ಬಂದಳು. ಬೆಳಕು ಮಿಣುಕಿದರೆ ಅವಳಿಗೆ ಮೂರ್ಛೆ ಬರುತ್ತಿತ್ತು. ತವರಿಗೆ ಹೋಗುವ ಬಸ್ಸಿನಲ್ಲಿ ಸಾಲುಮರಗಳ ಸಂದಿನಿಂದ ಬಿಸಿಲು ಹೊಡೆದರೂ ಸಾಕು. ಒಂದು ಕಣ್ಣಿಗೆ ಅಂಗೈ ಒತ್ತಿಕೊಂಡರೆ ತಡೆಯುತ್ತಿತ್ತು. ಅವಳನ್ನು ಒಬ್ಬಳೇ ಎಲ್ಲಿಗೂ ಕಳಿಸುತ್ತಿರಲಿಲ್ಲ, ಅತ್ತೆ ಒಲೆಯ ಹತ್ತಿರವೂ ಬಿಡುತ್ತಿರಲಿಲ್ಲ. ರೊಟ್ಟಿ ಬಡಿಯುವವಳು ನಾನು, ಬಿಸಿ ರೊಟ್ಟಿ ತಿನ್ನುವವಳು ಅವಳು. ನನಗೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಯಾಕೆ ಬರೆಯಲಿ.

ಅತ್ತೆಯದು ಒಂದೇ ಕಟ್ಟಳೆ: ಮನೆಗೆ ಏನು ಬಂದರೂ ಇಬ್ಬರು ಸೊಸೆಯರಿಗೆ ಸಮಪಾಲು. ಒಂದು ಬಾಳೆಹಣ್ಣಾದರೂ ಮುರಿದೇ ಕೊಡಬೇಕು.

ಒಂದು ದಿನ ದೊಡ್ಡ ಆಸ್ಪತ್ರೆಯಿಂದ ಅವಳಿಗೆ ಕರೆ ಬಂತು. ಮೂರ್ಛೆಗೆ ಹೊಸ ಮದ್ದು, ಇಂಥ ಮಿಣುಕು ಬೆಳಕಿನ ಮೂರ್ಛೆಯವರ ಮೇಲೆ ಪರೀಕ್ಷೆ ಮಾಡುತ್ತಾರಂತೆ. ತಲೆಗೆ ವೈರು ಅಂಟಿಸಿ, ಕಣ್ಣ ಮುಂದೆ ದೀಪ ಮಿಣುಕಿಸಿ, ಗುಳಿಗೆ ನುಂಗಿಸಿ, ಮತ್ತೆ ಮಿಣುಕಿಸುವುದು. ಕಾಗದದ ಮೇಲೆ ಗೆರೆಗಳ ಕುಣಿತ ತಗ್ಗಿದರೆ ಮದ್ದು ಹಿಡಿಯಿತೆಂದು ಅರ್ಥ. ಹಿಡಿದವರಿಗೆ ಮುಂದೆಯೂ ಅದೇ ಗುಳಿಗೆ. ಮೊದಲ ದಿನ ಬರೀ ದೀಪ. ಆಮೇಲಿನ ಎರಡು ದಿನದಲ್ಲಿ ಒಂದು ಮದ್ದಿಲ್ಲದ ಗುಳಿಗೆ, ಒಂದು ನಿಜದ್ದು. ಯಾವುದು ಯಾವಾಗ ಎಂದು ಹೇಳುವುದಿಲ್ಲ. ಅವಳು ದುಂಡಗೆ ಸಹಿ ಹಾಕಿದಳು. ನನ್ನ ಅಕ್ಷರ ಇಂದಿಗೂ ಕೋಳಿಕಾಲು.

“ಹಿಡೀತಂದ್ರೆ ಒಬ್ಳೇ ಹರಿಹರಕ್ಕೆ ಹೋಗ್ತೀನಕ್ಕ, ಕಿಟಕಿ ಪಕ್ಕ ಕೂತ್ಕಂಡು,” ಎಂದಳು.

ಜೊತೆಗಿರಲು ನಾನು ಹೋದೆ. ಅವಳಿಗೆ ಮಂಚ, ನನಗೆ ನೆಲ. ಡಾಕ್ಟರು ಬಂದಾಗಲೆಲ್ಲ “ಹೆಂಗದೀರಮ್ಮ, ನಿದ್ದೆ ಬಂತಾ” ಎಂದು ಅವಳನ್ನು ಕೇಳುವರು. ನನ್ನ ನಿದ್ದೆಯನ್ನು ಈ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ. ಎರಡನೆಯ ದಿನ ಅಂದೇ ಬಿಟ್ಟೆ:

“ನಿನ್ ಹಣೆಬರ ಚಲೋ ಐತೆ ಬಿಡು. ಹೊಸ ಗುಳಿಗೆ, ಮಂಚ, ಫ್ಯಾನು. ನಂಗೂ ತಲೆನೋವು ಐತೆ, ಯಾರ್ ಕೇಳ್ತಾರೆ?”

ಅವಳು ನಕ್ಕಳು. ಮೂರನೆಯ ದಿನ ಗುಳಿಗೆ ಕೊಟ್ಟ ನರ್ಸು ಹೊರಳಿ ಏನೋ ಬರೆದುಕೊಳ್ಳುವಾಗ ನನ್ನ ಓರಗಿತ್ತಿಯ ಕೈ ಸೆರಗಿನೊಳಗೆ ಹೋಯಿತು. ನರ್ಸು ಆಚೆ ಹೋದ ಮೇಲೆ ನನ್ನ ಅಂಗೈಯಲ್ಲಿ ಅರ್ಧ ಗುಳಿಗೆ ಇಟ್ಟಳು.

“ತಗಾ ಅಕ್ಕ, ನಿನ್ ಪಾಲು. ಅತ್ತೆಮ್ಮ ಕೇಳಿದ್ರೆ ಸಮ ಆತು ಅನ್ನು.”

ಬೇಡ ಅನ್ನಬಹುದಿತ್ತು. ನುಂಗಿದೆ.

ಗಂಟೆ ಕಳೆಯುವುದರೊಳಗೆ ತಲೆ ತಿರುಗಿ ಮಂಚದ ಕಾಲು ಹಿಡಿದು ಕುಳಿತೆ. ನಿಜದ ಮದ್ದು ಇದೇ ಎಂದು ಆಗ ಗೊತ್ತಾಯಿತು. ಒಳಗೆ ಅವಳ ಮುಂದೆ ದೀಪ ಮಿಣುಕಿಸುತ್ತಿದ್ದರು. ಸಂಜೆ ಡಾಕ್ಟರು ಬಂದರು.

“ಇದು ನಿಮ್ಗೆ ಹಿಡೀಲಿಲ್ಲಮ್ಮ, ಗೆರೆ ಹಂಗೇ ಅದಾವೆ. ಹಳೇ ಗುಳಿಗೇನೇ ತಗಳ್ರಿ.”

ಅವಳು ನನ್ನ ಕಡೆ ನೋಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಪೂರ್ತಿ ನುಂಗಿದ್ದರೆ ಹಿಡಿಯುತ್ತಿತ್ತೋ ಇಲ್ಲವೋ... ಅವಳು ಒಂದು ದಿನವೂ ಆ ಮಾತು ಎತ್ತಲಿಲ್ಲ. ಕೊನೆಯವರೆಗೂ ಕಣ್ಣಿಗೆ ಅಂಗೈ ಒತ್ತಿಕೊಂಡು ನನ್ನ ಜೊತೆಯೇ ಹರಿಹರಕ್ಕೆ ಹೋದಳು. ಕಿಟಕಿ ಪಕ್ಕ ನಾನು ಕೂರುತ್ತಿದ್ದೆ. ಕೊಡುವುದು ಅವಳಿಗೆ ಅಷ್ಟು ಸಲೀಸಾಗಿತ್ತು. ಅದರ ಮೇಲೂ ನನಗೆ ಹೊಟ್ಟೆಕಿಚ್ಚೇ, ಈಗಲೂ.

ಮೊನ್ನೆ ಅದೇ ದಾರಿಯಲ್ಲಿ ಹೋದೆ. ರಸ್ತೆ ಅಗಲ ಮಾಡಲು ಮರಗಳನ್ನೆಲ್ಲ ಕಡಿದಿದ್ದಾರೆ. ಬಿಸಿಲು ಒಂದೇ ಸಮ ಬೀಳುತ್ತಿತ್ತು. ಅವಳು ಎರಡೂ ಕಣ್ಣು ಬಿಟ್ಟು ಕೂರಬಹುದಿತ್ತು. ಕಿಟಕಿಯ ಸೀಟು ಖಾಲಿ ಇತ್ತು. ನಾನು ಈಚೆ ಕೂತೆ.