ಉಗ್ರಾಣದ ಕೀಲಿ ಮತ್ತು ಈಜಿಪ್ಟಿನ ರಾಣಿ

ನನ್ನ ಅತ್ತೆಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ರೋಮಿನ ದೊರೆಗಳ ಮನೆಯಲ್ಲಿ ಯಾರ ಮಗ ಯಾರಿಗೆ ದತ್ತು ಹೋದ, ಯಾವ ಹೆಂಡತಿ ಯಾವ ಗಂಡನ ಕಣ್ಣಿಗೆ ಮಣ್ಣೆರಚಿದಳು ಎನ್ನುವುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಅದು ನಾನು ಮಾಡಿದ ಕೆಲಸ. 

ಎಪ್ಪತ್ತರ ದಶಕದ ಶುರುವಿನಲ್ಲಿ ನಾನು ಸಂಡೂರಿನಿಂದ ಕಂಪ್ಲಿಗೆ ಸೊಸೆಯಾಗಿ ಬಂದೆ. ತವರಿನಿಂದ ತಂದ ಒಂದು ಕಬ್ಬಿಣದ ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿ ಬಿ.ಎ. ಇತಿಹಾಸದ ಪುಸ್ತಕಗಳಿದ್ದವು. ಪರೀಕ್ಷೆ ಪಾಸಾಗಿದ್ದೆ, ಟೀಚರ್ ಆಗುವ ಆಸೆಯಿತ್ತು. ಬಂದ ಎರಡನೆಯ ದಿನವೇ ಆ ಆಸೆ ಟ್ರಂಕಿನ ತಳ ಸೇರಿತು. ಅಕ್ಕಿ ಗಿರಣಿಯ ಮನೆಯ ಸೊಸೆ ಚಾಕ್‌ಪೀಸು ಹಿಡಿದು ನಿಂತರೆ ಊರವರು ಏನಂದಾರು ಎಂದು ಅತ್ತೆ ಒಂದೇ ಮಾತಿನಲ್ಲಿ ಮುಗಿಸಿದರು. ಗಂಡ ಅವರ ಮುಖ ನೋಡಿದರು, ನನ್ನ ಮುಖ ನೋಡಲಿಲ್ಲ.

ಕಾಲುವೆ ನೀರಿನಿಂದ ವರ್ಷಕ್ಕೆ ಎರಡು ಬೆಳೆ ಬರುತ್ತಿದ್ದ ಕಾಲ. ಸುಗ್ಗಿ ಬಂತೆಂದರೆ ಗಿರಣಿ ನಿಲ್ಲುತ್ತಲೇ ಇರಲಿಲ್ಲ. ಒಗೆದು ಹಾಕಿದ ಬಟ್ಟೆಯ ಮೇಲೆ, ಹಾಲಿನ ಕೆನೆಯ ಮೇಲೆ, ಮಲಗಿದ ಮಕ್ಕಳ ರೆಪ್ಪೆಯ ಮೇಲೆ ಕೂಡ ತೌಡಿನ ಧೂಳು. ಮಾವನವರು ತೀರಿಹೋಗಿ ಬಹಳ ವರ್ಷಗಳಾಗಿದ್ದವು. ನನ್ನ ಗಂಡ ಮತ್ತು ಮೈದುನ ಗಿರಣಿ ನಡೆಸುತ್ತಿದ್ದರು, ಅವರಿಬ್ಬರನ್ನೂ ಅತ್ತೆ ನಡೆಸುತ್ತಿದ್ದರು. ಅತ್ತೆಯ ಸೊಂಟದಲ್ಲಿ ಬೆಳ್ಳಿ ಕೊಂಡಿಯ ಕೀಲಿಗೊಂಚಲು. ಅದರಲ್ಲಿ ತಿಜೋರಿಯ ಕೀಲಿ, ಗೋದಾಮಿನ ಕೀಲಿ, ಎಲ್ಲಕ್ಕಿಂತ ಉದ್ದನೆಯದು ಉಗ್ರಾಣದ ಕೀಲಿ. ಉಗ್ರಾಣದ ಬಾಗಿಲು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತೆರೆಯುತ್ತಿತ್ತು. ಎಣ್ಣೆ, ಬೆಲ್ಲ, ಕಾಫಿಪುಡಿ ಅವರ ಕೈಯಿಂದಲೇ ಬರಬೇಕು. ನಡುವೆ ನೆಂಟರು ಬಂದರೆ ನಾನು ಹೋಗಿ ಕೇಳಬೇಕು. ಹೆರಳಿಗೆ ಹಚ್ಚುವ ಎಣ್ಣೆಗೂ ಕೇಳಬೇಕು. ಎರಡು ಮಕ್ಕಳ ತಾಯಿಯಾದ ಮೇಲೂ ಕೇಳಿದೆ. ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಅನ್ನುತ್ತಾರಲ್ಲ, ಆ ನನ್ನ ಕಾಲ ಎಲ್ಲಿ ಹಾಳಾಗಿ ಹೋಗಿದೆಯೋ ಎಂದು ಒಲೆಯ ಮುಂದೆ ಕುಳಿತು ಬೈದುಕೊಳ್ಳುತ್ತಿದ್ದೆ.

ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಅತ್ತೆ ಮೊರದ ತುಂಬ ಅಕ್ಕಿ ಹಾಕಿಕೊಂಡು ಹಸನು ಮಾಡುತ್ತ ಕೂರುತ್ತಿದ್ದರು. ಗಿರಣಿಯ ಒಡತಿಯ ಮನೆಯ ಅಕ್ಕಿಯಲ್ಲಿ ಕಲ್ಲು ಸಿಗಬಾರದು. ನಾನು ಪಕ್ಕದಲ್ಲಿ ಕುಳಿತು ಪುರಾಣ ಓದಬೇಕು. ಮನೆಯಲ್ಲಿದ್ದ ಪುರಾಣಗಳೆಲ್ಲ ಎರಡೆರಡು ಸಲ ಮುಗಿದವು. ಟ್ರಂಕಿನಲ್ಲಿ ಏನಿದೆ ಎಂದು ಅತ್ತೆ ಒಂದು ದಿನ ಕೇಳಿದರು. ರಾಜರ ಕಥೆ ಅಂದೆ. ಹಾಗಾದರೆ ತೆಗೆ ಅಂದರು.

ಹೀಗೆ ರೋಮನ್ನರು ನಮ್ಮ ಪಡಸಾಲೆಗೆ ಬಂದರು. ಹೆಸರುಗಳು ಅತ್ತೆಯ ನಾಲಗೆಗೆ ಹೊರಳಲಿಲ್ಲ, ಆದ್ದರಿಂದ ‘ದೊಡ್ಡಾತ’, ‘ಅವನ ದತ್ತುಮಗ’, ‘ಕುಂಟ’ ಎಂದು ಅವರೇ ಹೆಸರಿಟ್ಟುಕೊಂಡರು. ಯುದ್ಧ ಬಂದರೆ ಪುಟ ತಿರುವು ಅನ್ನುತ್ತಿದ್ದರು. ಗದ್ದುಗೆಗೆ ಯಾರನ್ನು ಕೂರಿಸಿದರು ಎಂಬಲ್ಲಿ ಮಾತ್ರ ಅಕ್ಕಿಯ ಮೇಲಿನ ಕೈ ನಿಲ್ಲುತ್ತಿತ್ತು. ಮೊದಲ ಗಂಡನಿಗೆ ಹುಟ್ಟಿದ ಮಗನನ್ನು ಎರಡನೆಯ ಗಂಡನ ಗದ್ದುಗೆಯ ಮೇಲೆ ಕೂರಿಸಿದ ರಾಣಿಯೊಬ್ಬಳಿದ್ದಾಳೆ. ಅವಳನ್ನು ಅತ್ತೆ ಒಂದು ವಾರ ಬಿಡಲಿಲ್ಲ. ಭಾಳ ಶ್ಯಾಣ್ಯಾಕಿ, ಮನೆ ನಡೆಸಿದವಳು ಎಂದು ಹೊಗಳಿದ್ದೇ ಹೊಗಳಿದ್ದು. ನನ್ನನ್ನು ಹದಿನೈದು ವರ್ಷದಲ್ಲಿ ಒಮ್ಮೆಯೂ ಹಾಗೆ ಹೊಗಳಿದ್ದಿಲ್ಲ, ಹೊಟ್ಟೆ ಉರಿಯುತ್ತಿತ್ತು.

ಇಷ್ಟು ಹೊತ್ತಿಗೆ ನಮ್ಮ ಮನೆಯಲ್ಲಿ ಒಂದು ಹುಡುಗಿ ಬೆಳೆಯುತ್ತಿದ್ದಳು. ಅತ್ತೆಯ ಮಗಳನ್ನು ಬುಕ್ಕಸಾಗರಕ್ಕೆ ಕೊಟ್ಟಿದ್ದರು. ಆ ಮಗಳಿಗೆ ಇವಳೊಬ್ಬಳೇ ಮಗಳು, ಗಂಡುಮಕ್ಕಳಿಲ್ಲ. ಬುಕ್ಕಸಾಗರದಲ್ಲಿ ಕಾಲುವೆಯ ಬದಿಗೇ ಅವರ ಗದ್ದೆ. ಅಷ್ಟು ಚಂದದ ಗದ್ದೆ ಆ ಕಡೆ ಇನ್ನೊಂದಿರಲಿಲ್ಲ. ಹುಡುಗಿ ಹೈಸ್ಕೂಲಿಗೆಂದು ನಮ್ಮಲ್ಲೇ ಇದ್ದಳು. ನಾನು ಓದುವಾಗ ಕಂಬಕ್ಕೆ ಒರಗಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಮಾತು ಕಡಿಮೆ. ಎಸ್ಸೆಸ್ಸೆಲ್ಸಿ ಒಳ್ಳೆಯ ಮಾರ್ಕ್ಸಿನಲ್ಲಿ ಪಾಸಾದಳು. ಹೊಸಪೇಟೆಯ ಕಾಲೇಜಿಗೆ ಸೇರಬೇಕೆಂದು ನನ್ನ ಹತ್ತಿರ ಮಾತ್ರ ಹೇಳಿಕೊಂಡಿದ್ದಳು.

ಅತ್ತೆಯ ಲೆಕ್ಕಾಚಾರ ಬೇರೆ ಇತ್ತು. ಹುಡುಗಿ ತೊಟ್ಟಿಲಲ್ಲಿದ್ದಾಗಲೇ ಅವಳನ್ನು ತಮ್ಮ ಕಿರಿಯ ಮಗನಿಗೆ, ಎಂದರೆ ಅವಳ ಸೋದರಮಾವನಿಗೆ ಎಂದು ಗೊತ್ತುಮಾಡಿದ್ದರು. ನಮ್ಮ ಕಡೆ ಇದು ಹೊಸದಲ್ಲ, ತಪ್ಪೂ ಅಲ್ಲ. ನನ್ನ ತವರಿನಲ್ಲೇ ಸೋದರಮಾವನನ್ನು ಕಟ್ಟಿಕೊಂಡು ಸುಖವಾಗಿ ಬಾಳಿದವರಿದ್ದಾರೆ. ಆದರೆ ಈ ಮೈದುನ ಅವಳಿಗಿಂತ ಹನ್ನೊಂದು ವರ್ಷ ದೊಡ್ಡವನು. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹಂಪಿ ಬಜಾರ್ ತೋರಿಸಿದವನು. ಮೋಟಾರ್ ಸೈಕಲ್, ಹೊಸಪೇಟೆಯ ಟಾಕೀಸು, ಇಷ್ಟೇ ಅವನ ಪ್ರಪಂಚ. ಅವನಿಗೂ ಈ ಮದುವೆ ಬೇಡವಾಗಿತ್ತು, ಆದರೆ ಯಾರು ಕೇಳಿದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿ ಜಾರಿಕೊಳ್ಳುತ್ತಿದ್ದ.

ಇದನ್ನು ತಪ್ಪಿಸಬೇಕೆಂದು ನನಗೆ ಅನ್ನಿಸಿತು. ಹುಡುಗಿಯ ಸಲುವಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳೇಕೆ ಹೇಳಲಿ, ಅದು ಅರ್ಧ ನಿಜ. ಆ ಗದ್ದೆಯನ್ನು ಉಡಿಯಲ್ಲಿ ಕಟ್ಟಿಕೊಂಡು ಮೊಮ್ಮಗಳೇ ಸೊಸೆಯಾಗಿ ಬಂದರೆ ಅತ್ತೆಯ ಸೊಂಟದ ಕೀಲಿ ನಾಳೆ ಯಾರ ಸೊಂಟಕ್ಕೆ ಹೋಗುತ್ತದೆ? ಹೊರಗಿನಿಂದ ಬಂದ ನನಗಂತೂ ಅಲ್ಲ. ಈ ಯೋಚನೆ ನನ್ನ ತಲೆಯಲ್ಲಿತ್ತು, ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಅತ್ತೆಗೆ ಎದುರಾಡುವ ಧೈರ್ಯವಿರಲಿಲ್ಲ. ಅದಕ್ಕೆ ಪುಸ್ತಕದ ಮೊರೆ ಹೋದೆ. ಬೇಕೆಂದೇ ಈಜಿಪ್ಟಿನ ಅಧ್ಯಾಯ ತೆಗೆದೆ. ಮ್ಯಾಸಿಡೋನಿಯಾದ ದೊರೆ ಪರದೇಶದ ಹೆಣ್ಣನ್ನು ಮದುವೆಯಾಗಿ ಚಿಕ್ಕ ವಯಸ್ಸಿನಲ್ಲೇ ಸತ್ತದ್ದು, ಅವನ ದಂಡನಾಯಕರು ರಾಜ್ಯವನ್ನು ಹರಿದು ಹಂಚಿಕೊಂಡದ್ದು, ಅವರಲ್ಲೊಬ್ಬ ಈಜಿಪ್ಟು ಹಿಡಿದದ್ದು ಓದಿದೆ. ಅಧಿಕಾರ ಹೊರಗೆ ಹೋಗಬಾರದೆಂದು ಆ ಮನೆಯಲ್ಲಿ ಅಣ್ಣತಂಗಿಯರೇ ಮದುವೆಯಾಗುತ್ತಿದ್ದರು ಎಂಬಲ್ಲಿ ನಿಧಾನವಾಗಿ ಓದಿದೆ. ಅತ್ತೆ ಥೂ ಅಂದರು. ನನಗೆ ಖುಷಿಯಾಯಿತು. ಹಾಗೆ ಮದುವೆಯಾದವರು ಒಬ್ಬರನ್ನೊಬ್ಬರು ಕೊಂದದ್ದು, ಕೊನೆಯ ರಾಣಿಯನ್ನು ಅವಳ ತಮ್ಮನಿಗೇ ಹೆಂಡತಿ ಎಂದು ಹೆಸರಿಗೆ ಮಾಡಿ ಇಬ್ಬರನ್ನೂ ಸಿಂಹಾಸನಕ್ಕೆ ಕೂರಿಸಿದ್ದು, ಅವರ ಜಗಳದಲ್ಲಿ ತಮ್ಮ ನೀರು ಪಾಲಾದದ್ದು, ಎಲ್ಲವನ್ನೂ ಒಂದೂ ಬಿಡದೆ ಓದಿದೆ. ಮುಗಿದಾಗ ಅತ್ತೆ ಮೊರದಿಂದ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದರು.

“ಎಷ್ಟು ವರ್ಷ ಆಳ್ಯಾರ ಅವರು?”

“ಹತ್ತತ್ತಿರ ಮುನ್ನೂರು ವರ್ಷ,” ಅಂದೆ.

“ಮತ್ತ ಆ ಸಣ್ಣ ವಯಸ್ಸಿಗೇ ಸತ್ತಾವ? ಹೊರಗಿನ ಹೆಣ್ಣು ತಂದಾವ? ಒಂದು ತಲಿಗೇ ಮುಗೀತು. ಒಳಗ ಕೊಟ್ಟು ಒಳಗ ತಂದವರು ಮುನ್ನೂರು ವರ್ಷ ಮನಿ ಒಡೀಲಿಲ್ಲ. ಅಣ್ಣತಂಗಿ ಅನ್ನೂದು ಹೊಲಸು, ಅದು ಬ್ಯಾಡ. ನಮ್ಮದು ಸೋದರಮಾವ, ದೇವರು ಒಪ್ಪಿದ್ದು. ಇಲ್ಲೇ ನಮ್ಮ ಹಂಪಿ ನೋಡು, ಅಳಿಯನ ಕೈಗೆ ಹೋತು, ಹಾಳಾತು.”

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಕಂಬದ ಹತ್ತಿರ ಹುಡುಗಿ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣು ತಪ್ಪಿಸಿ ಪುಸ್ತಕ ಮುಚ್ಚಿದೆ. ಮರುದಿನವೇ ಅತ್ತೆ ಐನೋರನ್ನು ಕರೆಸಿ ಪಂಚಾಂಗ ಬಿಡಿಸಿದರು. ಮುಂದಿನ ಸೋಮವಾರ ಹುಡುಗಿಗೆ ಉಡಿ ತುಂಬಿ ಮಾತು ಗಟ್ಟಿ ಮಾಡಿಕೊಳ್ಳುವುದು ಎಂದು ತೀರ್ಮಾನವಾಯಿತು. ನಾನು ಓದದೇ ಇದ್ದಿದ್ದರೆ ಇನ್ನೊಂದು ವರ್ಷವಾದರೂ ತಡವಾಗುತ್ತಿತ್ತೇನೋ. ಹುಡುಗಿಯ ಹತ್ತಿರ ಹೋಗಿ ತಪ್ಪಾಯಿತು ಅನ್ನಬೇಕೆಂದುಕೊಂಡೆ, ಅನ್ನಲಿಲ್ಲ. ಅವಳು ಮಾತ್ರ ಒಂದು ಮಧ್ಯಾಹ್ನ ಬಂದು ಈಜಿಪ್ಟಿನ ಪುಸ್ತಕ ಕೊಡಿ ಎಂದು ಇಸಿದುಕೊಂಡು ಹೋದಳು.

ಸೋಮವಾರ ಬಳಗದ ಹೆಂಗಸರೆಲ್ಲ ಸೇರಿದರು. ಬುಕ್ಕಸಾಗರದಿಂದ ಹುಡುಗಿಯ ತಾಯಿ ತಂದೆ ಬಂದರು. ಮೈದುನ ಹೊಸ ಅಂಗಿ ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದ, ಹಲ್ಲುನೋವು ಬಂದವನ ಹಾಗಿತ್ತು ಮುಖ. ಹುಡುಗಿಗೆ ಹಸಿರು ಇಳಕಲ್ ಸೀರೆ ಉಡಿಸಿ ಮಣೆಯ ಮೇಲೆ ಕೂರಿಸಿದೆವು. ಸೆರಗನ್ನು ಮುಂದೆ ಹಿಡಿದು ಉಡಿ ಒಡ್ಡಿದಳು. ಅತ್ತೆ ಎದುರಿಗೆ ಕುಳಿತು ಐದು ಬೊಗಸೆ ಅಕ್ಕಿ ಹಾಕಿದರು. ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನಕೊಂಬು, ಎಲೆ ಅಡಿಕೆ ಇಟ್ಟರು. ಎಲ್ಲರೂ ನೋಡುತ್ತಿದ್ದರು. ಇನ್ನು ಗಂಟು ಕಟ್ಟಿಕೊಂಡು ಏಳಬೇಕು. ಹುಡುಗಿ ಏಳಲಿಲ್ಲ. ಉಡಿಯನ್ನು ಇನ್ನೊಂದಿಷ್ಟು ಅಗಲಿಸಿ ಹಿಡಿದಳು.

“ಅಜ್ಜಿ, ಕೀಲಿನೂ ಹಾಕ್ರಿ,” ಅಂದಳು.

ಯಾವ ಕೀಲಿ ಎಂದು ಅತ್ತೆ ಕೇಳಿದರು.

“ನಿಮ್ಮ ಸೊಂಟದಾಗಿನವು. ಆ ರಾಣಿ ಸುಮ್ಮನ ತಮ್ಮನ್ನ ಲಗ್ನ ಆಗಲಿಲ್ಲ, ಜೊತಿಗೆ ಸಿಂಹಾಸನಾನೂ ಕೊಟ್ಟಿದ್ರು. ನಾನೂ ಮಾಮನ್ನ ಲಗ್ನ ಆಗ್ತೀನಿ, ನಮ್ಮ ಗದ್ದಿನೂ ತರ್ತೀನಿ. ಕೀಲಿ ಇವತ್ತು ಕೊಡ್ರಿ.”

ಯಾರೋ ಒಬ್ಬರು ನಕ್ಕು ತಮಾಷೆ ಮಾಡಲು ನೋಡಿದರು, ನಗು ಅರ್ಧಕ್ಕೇ ನಿಂತಿತು. ಅತ್ತೆಯ ಕೈ ಸೊಂಟಕ್ಕೆ ಹೋಯಿತು. ಕೊಡುತ್ತಾರೆಂದೇ ಒಂದು ಗಳಿಗೆ ನನಗೆ ಅನ್ನಿಸಿತು. ಆ ಕೈ ಗೊಂಚಲನ್ನು ಗಟ್ಟಿಯಾಗಿ ಹಿಡಿದುಕೊಂಡು ಅಲ್ಲೇ ಉಳಿಯಿತು. ಹೆಬ್ಬೆರಳು ಉಗ್ರಾಣದ ಕೀಲಿಯನ್ನು ಸವರುತ್ತಿತ್ತು. ಕಾಲುವೆಯ ಬದಿಯ ಆ ಗದ್ದೆ, ಮುನ್ನೂರು ವರ್ಷ ಒಡೆಯದ ಮನೆ, ಹದಿನಾರು ವರ್ಷದಿಂದ ಹಾಕಿದ ಲೆಕ್ಕ, ಎಲ್ಲ ಒಂದು ಕಡೆ. ನಾಳೆ ಬೆಳಿಗ್ಗೆ ಮೊಮ್ಮಗಳ ಮುಂದೆ ನಿಂತು ಬೆಲ್ಲ ಕೇಳುವುದು ಇನ್ನೊಂದು ಕಡೆ. ಅದು ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವರಿಗೂ ಅವತ್ತು ಗೊತ್ತಾಯಿತು.

ಇವತ್ತು ಬೇಡ, ದಿನ ಚಲೋ ಇಲ್ಲ ಎಂದು ಹೇಳಿ ಅತ್ತೆ ಎದ್ದರು. ಪಂಚಾಂಗ ಸರಿಯಾಗಿ ನೋಡಿಲ್ಲವೆಂದು ಐನೋರಿಗೆ ಬೈದರು, ಪಾಪ. ಹುಡುಗಿ ಉಡಿಯ ಅಕ್ಕಿಯನ್ನು ತಾನೇ ಮೊರಕ್ಕೆ ಸುರಿದಳು. ಬಂದವರು ಊಟ ಮಾಡಿ, ಬಾಯಿ ಬಿಟ್ಟರೆ ಬಣ್ಣಗೇಡೆಂದು ಸುಮ್ಮನೆ ಹೋದರು. ಆ ಮದುವೆಯ ಮಾತನ್ನು ಅತ್ತೆ ಮತ್ತೆ ಎತ್ತಲಿಲ್ಲ. ಮಳೆಗಾಲ ಶುರುವಾದಾಗ ಹುಡುಗಿ ಹೊಸಪೇಟೆಯ ಕಾಲೇಜಿಗೆ ಸೇರಿದಳು. ಸುಗ್ಗಿ ಕಳೆದ ಮೇಲೆ ಮೈದುನನಿಗೆ ಬೇರೆ ಕಡೆಯ ಹೆಣ್ಣು ತಂದರು. ಅವಳೂ ನನ್ನ ಹಾಗೆಯೇ ಎಣ್ಣೆ ಕೇಳುತ್ತ ನಿಂತಳು. ಅವತ್ತಿನಿಂದ ಅತ್ತೆ ನನ್ನಿಂದ ರಾಜರ ಕಥೆ ಓದಿಸಲಿಲ್ಲ. ಮತ್ತೆ ಪುರಾಣ ಶುರುವಾಯಿತು.

ಎಂಟು ವರ್ಷ ಹೀಗೇ ಕಳೆಯಿತು. ಹುಡುಗಿ ಓದು ಮುಗಿಸಿ ಹೊಸಪೇಟೆಯಲ್ಲೇ ಕೆಲಸ ಹಿಡಿದಳು, ತಾನೇ ನೋಡಿ ಒಪ್ಪಿದವನನ್ನು ಮದುವೆಯಾದಳು. ಬುಕ್ಕಸಾಗರದ ಗದ್ದೆಯನ್ನು ತಂದೆಯ ಜೊತೆ ತಾನೇ ನೋಡಿಕೊಳ್ಳುತ್ತಿದ್ದಳು. ಅತ್ತೆ ಹಾಸಿಗೆ ಹಿಡಿದರು. ಅನ್ನ ಬಿಟ್ಟರೂ ಕೀಲಿ ಬಿಡಲಿಲ್ಲ, ಸೊಂಟದಿಂದ ದಿಂಬಿನ ಕೆಳಗೆ ಬಂತು, ಅಷ್ಟೇ. ಮೈ ಒರೆಸುವುದು, ಗಂಜಿ ಕುಡಿಸುವುದು ಎಲ್ಲ ನಾನೇ. ಪ್ರೀತಿಯಿಂದಲೇ ಮಾಡಿದೆ, ಆದರೆ ದಿಂಬು ಸರಿಮಾಡುವಾಗಲೆಲ್ಲ ಕೈಗೆ ಕೀಲಿ ತಾಗಿದ್ದು ಗೊತ್ತಾಗುತ್ತಿತ್ತು.

ಒಂದು ಬೆಳಿಗ್ಗೆ ಮೊಮ್ಮಗಳನ್ನು ಕರೆಸಿ ಅಂದರು. ಬಂದಳು. ಎಲ್ಲರೂ ಸುತ್ತ ನಿಂತಿದ್ದೆವು. ಉಡಿ ಒಡ್ಡು ಎಂದು ಅತ್ತೆ ಅವಳಿಗೆ ಹೇಳಿದರು. ದಿಂಬಿನ ಕೆಳಗಿನಿಂದ ಗೊಂಚಲು ತೆಗೆದು, ಅವಳ ಸೆರಗಿಗೆ ಹಾಕಿದರು.

“ಈ ಮನಿಯಾಗ ಬಾಯಿಬಿಟ್ಟು ಕೇಳಿದಾಕಿ ನೀನೊಬ್ಬಾಕಿನ,” ಅಂದರು.

ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕುಳಿತೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಈ ಮನೆಯಲ್ಲಿ ಸವೆದದ್ದಕ್ಕೆ ಇದೇ ಏನು ಎಂದು ಅಳು ಬಂತು, ಸಿಟ್ಟೂ ಬಂತು. ಸಾಯುತ್ತಿರುವ ಮುದುಕಿಯ ಮೇಲೆ ಸಿಟ್ಟು ಮಾಡಿಕೊಂಡಿದ್ದೇನೆಂದು ನನ್ನ ಮೇಲೇ ಸಿಟ್ಟು ಬಂತು. ಹುಡುಗಿ ಹಿಂದೆಯೇ ಬಂದಳು. ಬಂದವಳು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಗೊಂಚಲನ್ನು ನನ್ನ ಮುಂದೆ ಹಿಡಿದಳು.

“ನನಗ ಇದು ಅವತ್ತೂ ಬೇಕಿರಲಿಲ್ಲ ಅತ್ತಿ. ಅಜ್ಜಿ ಕೊಡಾಂಗಿಲ್ಲ ಅಂತ ಗೊತ್ತಿದ್ದಕ್ಕ ಕೇಳಿದೆ. ನಿಮಗ ಬೇಕಿತ್ತು. ಅದೂ ಗೊತ್ತಿತ್ತು, ನೀವು ಈಜಿಪ್ಟ್ ಓದಿದ ದಿನಾನ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ನಾಚಿಕೆಯಿಂದ ನನಗೆ ಅವಳ ಮುಖ ನೋಡಲಾಗಲಿಲ್ಲ. ಬೇಡ, ನೀನೇ ಇಟ್ಟುಕೋ ಅನ್ನಬೇಕಿತ್ತು. ಮಾತು ಬಾಯಿಯವರೆಗೂ ಬಂದಿತ್ತು. ಅಷ್ಟರಲ್ಲಿ ನನ್ನ ಕೈ ಮುಂದೆ ಹೋಗಿ ಕೀಲಿ ತೆಗೆದುಕೊಂಡಿತ್ತು.