ಘಾಟು ಬಂದರೆ ದೃಷ್ಟಿಯಲ್ಲ

ಬಸ್ಸು ಇನ್ನೂ ಕೊಳಗಲ್ಲು ದಾಟಿರಲಿಲ್ಲ. ಕಂಡಕ್ಟರ್ ಬಾಗಿಲನ್ನು ಧಡ್ ಎಂದು ಎಳೆದುಕೊಂಡ. ಅಷ್ಟೇ. ನನ್ನ ಎದೆ ಬಡಿದುಕೊಳ್ಳತೊಡಗಿತು. ಕೈ ತಣ್ಣಗಾದವು, ತುಟಿ ಜುಮ್ಮೆಂದಿತು. ಪಕ್ಕದ ಕಿಟಕಿ ತೆರೆದೇ ಇತ್ತು, ಆದರೂ ಉಸಿರು ಒಳಗೆ ಹೋಗಲೊಲ್ಲದು. "ಇಳಸ್ರೀ, ನಾ ಇಳೀಬೇಕು!" ಎಂದು ಯಾರೋ ಚೀರಿದರು. ಚೀರಿದ್ದು ನಾನೇ ಎಂದು ತಿಳಿದದ್ದು ಎಲ್ಲರೂ ನನ್ನ ಕಡೆ ತಿರುಗಿದಾಗ.

ಹಾರ್ಟ್ ಅಟ್ಯಾಕ್ ಎಂದುಕೊಂಡು ಜೊತೆಗಿದ್ದ ಗಂಡ ಬಳ್ಳಾರಿಯ ಆಸ್ಪತ್ರೆಗೆ ಕರೆದೊಯ್ದರು.

ಇಸಿಜಿ ನಾರ್ಮಲ್ ಇತ್ತು.

"ಸೈಕಿಯಾಟ್ರಿ ಓಪಿಡಿಗೆ ಒಮ್ಮೆ ತೋರ್ಸಿ," ಎಂದರು ಅಲ್ಲಿನ ಡಾಕ್ಟರು. ಗಂಡ ಹೊರಗೆ ಬಂದು, "ಅದು ಹುಚ್ಚರ ಡಾಕ್ಟ್ರು. ನಿನಗ ಗ್ಯಾಸ್ ಆಗೈತಿ," ಎಂದು ಸೋಡಾ ಕುಡಿಸಿದರು. ನನಗೂ ಅದೇ ಬೇಕಾಗಿತ್ತು. ಗ್ಯಾಸ್ ಎಂದರೆ ಮರ್ಯಾದಸ್ಥರ ಕಾಯಿಲೆ.

ಬೆಂಕಿ ಬಿದ್ದದ್ದು ಅದಕ್ಕೂ ಎರಡು ತಿಂಗಳ ಹಿಂದೆ. ಬಳ್ಳಾರಿಯ ಒಂದು ಶೆಡ್ಡಿನಲ್ಲಿ ನಾನು ಜೀನ್ಸ್ ಹೊಲಿಯುತ್ತೇನೆ. ಧೂಳು ಬಟ್ಟೆಗೆ ಕೂರುತ್ತದೆಂದು ನಾವು ಶಟರ್ ಅರ್ಧ ಇಳಿಸಿಕೊಂಡೇ ಕೆಲಸ ಮಾಡುವವರು. ಆ ದಿನ ಗಾಳಿ ಜೋರು, ಪೂರ್ತಿ ಇಳಿಸಿದ್ದೆವು. ವೈರು ಸುಟ್ಟು, ಕತ್ತರಿಸಿದ ಬಟ್ಟೆ ಚೂರುಗಳ ಗುಡ್ಡೆಗೆ ಕಿಡಿ ಬಿತ್ತು. ಎಲ್ಲರೂ ಶಟರ್ ಕಡೆ ಓಡಿದೆವು. ಅದು ಮೇಲೇಳಲಿಲ್ಲ. ಹೊರಗಿನವರು ಹಾರೆ ಹಾಕಿ ಎತ್ತುವವರೆಗೂ ನೆಲಕ್ಕೆ ಮುಖ ಹಚ್ಚಿ ಮಲಗಿದ್ದೆವು. ಯಾರೂ ಸಾಯಲಿಲ್ಲ. ನನ್ನ ಮೈಮೇಲೆ ಒಂದು ಬೊಬ್ಬೆಯೂ ಏಳಲಿಲ್ಲ. ಪಾರಾದೆ ಎಂದುಕೊಂಡು ವಾರದಲ್ಲೇ ಕೆಲಸಕ್ಕೆ ಹೋದೆ.

ಬಸ್ಸಿನ ಆ ದಿನದ ಮೇಲೆ ಕುರುಗೋಡಿನ ನಮ್ಮ ಮನೆಯಲ್ಲಿ ಯಾವ ಬಾಗಿಲೂ ಹಾಕುವಂತಿರಲಿಲ್ಲ. ವಿಚಿತ್ರವೆಂದರೆ ನನ್ನ ಕಣ್ಣ ಮುಂದೆ ಬೆಂಕಿ ಬರುತ್ತಿರಲಿಲ್ಲ, ಹೊಗೆಯೂ ಬರುತ್ತಿರಲಿಲ್ಲ. ಬರೀ ಹೆದರಿಕೆ ಬರುತ್ತಿತ್ತು. ಹಾಲು ಕಾಯಿಸುತ್ತಾ ನಿಂತವಳಿಗೆ, ನನ್ನನ್ನು ಹೊರಗೆ ಎಳೆಯಲು ಯಾರೂ ಬರುವುದಿಲ್ಲ ಎಂದು ಇದ್ದಕ್ಕಿದ್ದಂತೆ ಅಳು ಉಕ್ಕುತ್ತಿತ್ತು. ಒಲೆಯ ಮುಂದೆ, ತುಂಬಿದ ಮನೆಯಲ್ಲಿ! ಎರಡನೇ ಕ್ಲಾಸಿನ ಮಗಳು ಅಮೂಲ್ಯ ನಾನು ಸ್ನಾನಕ್ಕೆ ಹೋದರೆ ಬಚ್ಚಲ ಹೊರಗೆ ಕೂತು, "ಮಮ್ಮೀ, ಬಾಗ್ಲ ತೆಗದೇ ಐತಿ," ಎಂದು ಕೂಗಿ ಹೇಳುತ್ತಿದ್ದಳು. ಅವಳಿಗೆ ಆ ಕೆಲಸ ಯಾರೂ ಹೇಳಿರಲಿಲ್ಲ.

ಒಂದು ಸಂಜೆ ಎದುರಿನ ಕಿರಾಣಿ ಅಂಗಡಿಯವರು ಶಟರ್ ಎಳೆದರು. ಆ ಸದ್ದಿಗೆ ನಾನು ಅಮೂಲ್ಯಳ ರಟ್ಟೆ ಹಿಡಿದು ರಸ್ತೆಗೆ ಓಡಿದೆ. ಅವಳನ್ನು ಉಳಿಸುತ್ತಿದ್ದೆ, ಯಾವುದರಿಂದ ಎಂದು ಗೊತ್ತಿರಲಿಲ್ಲ. ಬೈಕಿನವನು ಬ್ರೇಕ್ ಹಾಕಿದ. ಮಗಳು ಬಿದ್ದಳು, ಮೊಣಕೈ ತರಚಿತು.

ನನ್ನ ಮಗುವಿಗೆ ನಾನೇ ಅಪಾಯ.

ಮರುದಿನ ಸಿರುಗುಪ್ಪದಿಂದ ನಮ್ಮವ್ವ ಬಂದಳು. "ಮೊದ್ಲು ನೀ ಆರಾಮಾಗು. ಇಕಿ ನಮ್ಮಲ್ಲಿರ್ಲಿ. ಅಲ್ಲೇ ಸಾಲಿಗೆ ಹಚ್ತೀವಿ," ಎಂದು ಅಮೂಲ್ಯಳನ್ನು ಕರೆದುಕೊಂಡು ಹೋದಳು. ಆರಾಮಾಗದಿದ್ದರೆ ಏನು ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ಅತ್ತೆಗೆ ಮೊದಲಿಂದಲೂ ಇದು ದೃಷ್ಟಿ ಎಂದೇ ಗುಮಾನಿ. ಬೆಂಕಿಯಿಂದ ಚರ್ಮ ಸುಡದೆ ಬಂದವಳನ್ನು ಊರೇ ನೋಡಿ ಹೋಗಿತ್ತಲ್ಲ. ಅಮಾವಾಸ್ಯೆಯ ಸಂಜೆ ನನ್ನನ್ನು ನಡುಮನೆಯಲ್ಲಿ ಕೂರಿಸಿ, ಅಡ್ಡ ಯಾರೂ ಬರಬಾರದೆಂದು ಬಾಗಿಲು ಹಾಕಿ, ಒಣಮೆಣಸಿನಕಾಯಿ ಉಪ್ಪು ನಿವಾಳಿಸಿ ಕೆಂಡಕ್ಕೆ ಹಾಕಿದರು. ಮುಚ್ಚಿದ ಮನೆ. ಹೊಗೆ. ಮುಂದಿನದು ನನಗೆ ನೆನಪಿಲ್ಲ. ಬಾಗಿಲನ್ನು ಎಷ್ಟು ಕೆರೆದಿದ್ದೆನೆಂದರೆ ಒಂದು ಉಗುರು ಕಿತ್ತು ಹೋಗಿತ್ತು. ಕಣ್ಣು ಬಿಟ್ಟಾಗ ಅಂಗಳದಲ್ಲಿ ಅತ್ತೆಯ ತೊಡೆಯ ಮೇಲೆ ತಲೆ ಇಟ್ಟು ಮಲಗಿದ್ದೆ. ಅತ್ತೆ ಕೆಮ್ಮುತ್ತಿದ್ದರು, ಗಂಡ ಕೆಮ್ಮುತ್ತಿದ್ದರು.

"ಘಾಟು ಬಂತಲ್ಲೋ," ಎಂದರು ಅತ್ತೆ ಮಗನಿಗೆ. ದೃಷ್ಟಿ ತಗುಲಿದ್ದರೆ ಮೆಣಸಿನಕಾಯಿ ಎಷ್ಟು ಸುಟ್ಟರೂ ಘಾಟು ಬರುವುದಿಲ್ಲ ಎಂಬುದು ನಮ್ಮಲ್ಲಿಯ ಲೆಕ್ಕ. "ಇದು ದೃಷ್ಟಿ ಅಲ್ಲ. ನಾ ತಪ್ಪು ತಿಳ್ಕೊಂಡಿದ್ದೆ. ಆ ಡಾಕ್ಟ್ರು ಹೇಳಿದ ಕಡಿಗೇ ಕರ್ಕೊಂಡು ಹೋಗು. ಹುಚ್ಚರ ಡಾಕ್ಟ್ರಾದ್ರ ಆಗ್ಲಿ."

ಇಸಿಜಿಯ ಮಾತು ಕೇಳದ ಗಂಡ ಮೆಣಸಿನಕಾಯಿಯ ಮಾತು ಕೇಳಿದರು.

"ನನಗ ಹುಚ್ಚಾ ಮೇಡಂ?" ಓಪಿಡಿಯಲ್ಲಿ ನಾನು ಕೇಳಿದ ಮೊದಲ ಮಾತು ಅದು.

"ಅಲ್ಲಮ್ಮ. ಇದು ಪ್ಯಾನಿಕ್ ಅಟ್ಯಾಕ್. ಬೆಂಕಿ ಆರೈತಿ ಅಂತ ನಿಮಗ ಗೊತ್ತೈತಿ, ನಿಮ್ಮ ಮೈಗೆ ಇನ್ನೂ ಗೊತ್ತಾಗಿಲ್ಲ. ಎಲ್ಲಾರಿಗೂ ಬೆಂಕಿನೇ ನೆನಪಾಗಬೇಕಂತಿಲ್ಲ. ಒಬ್ಬೊಬ್ಬರಿಗೆ ಬರೇ ಆವತ್ತಿನ ಹೆದರಿಕಿ ವಾಪಸ್ ಬರ್ತೈತಿ."

ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಇಷ್ಟು ದಿನ ಹೇಳಲು ಬಾರದ್ದನ್ನು ಯಾರೋ ನನ್ನ ಪರವಾಗಿ ಹೇಳಿದ್ದರು.

ಮಾತ್ರೆ ಶುರುವಾಯಿತು, ಕೌನ್ಸೆಲಿಂಗ್ ಕೂಡ. ಹೆದರಿಕೆ ಏರುವಾಗ ಕಾಲು ನೆಲಕ್ಕೆ ಊರಬೇಕು, ಕಂಡದ್ದರ ಹೆಸರು ಹೇಳಬೇಕು: ಕೊಡ, ಪೊರಕೆ, ಅತ್ತೆಯ ಚಪ್ಪಲಿ. ನಗು ಬರುತ್ತಿತ್ತು, ಆದರೂ ಮಾಡಿದೆ. ಎದುರಿನ ಅಂಗಡಿಯವರಿಗೆ ಅತ್ತೆಯೇ ಹೇಳಿ ಬಂದರು. ಅವರು ದಿನಾ "ಅಕ್ಕಾ, ಶಟರ್ ಇಳಸ್ತೀನಿ!" ಎಂದು ಕೂಗಿ ಆಮೇಲೆ ಎಳೆಯುತ್ತಿದ್ದರು. ಕೆಲವು ದಿನ ನಿಂತೆ, ಕೆಲವು ದಿನ ಹಿತ್ತಲಿಗೆ ಓಡಿದೆ. ಕಡೆಗೊಂದು ಸಂಜೆ ನಾನೇ ರಸ್ತೆ ದಾಟಿ ಹೋಗಿ, ಕೊಕ್ಕೆ ಹಿಡಿದು ಅದನ್ನು ಕೆಳಗೆಳೆದೆ. ಮೈಯೆಲ್ಲ ಬೆವೆತಿತ್ತು. ಮರುದಿನವೇ ಸಿರುಗುಪ್ಪಕ್ಕೆ ಹೊರಟೆ.

ಮಗಳ ಜೊತೆ ಬಸ್ಸಿನಲ್ಲೇ ವಾಪಸ್ ಬಂದೆ. ಬಾಗಿಲು ಧಡ್ ಎಂದಿತು. ಎದೆ ಹೊಡೆದುಕೊಳ್ಳತೊಡಗಿತು.

"ಮಮ್ಮೀ, ಇಳಿಯೋಣೇನು?" ಅಮೂಲ್ಯ ಆಗಲೇ ಚೀಲ ಹಿಡಿದುಕೊಂಡಿದ್ದಳು.

"ಬ್ಯಾಡ. ಕುಂದ್ರು."

ಮನೆಯ ಮುಂದೆ ಅತ್ತೆ ಕೆಂಡ ಇಟ್ಟುಕೊಂಡು ಕಾಯುತ್ತಿದ್ದರು. ಮೊಮ್ಮಗಳಿಗೆ ದೃಷ್ಟಿ ತೆಗೆಯದೆ ಒಳಗೆ ಬಿಡುವವರಲ್ಲ. ನನ್ನನ್ನು ಕಂಡು ಕೈ ಹಿಂದೆಗೆದರು. "ಮೆಣಸಿನಕಾಯಿ ಬ್ಯಾಡೇನವಾ? ಬರೇ ಉಪ್ಪು ಹಾಕ್ತೀನಿ."

"ಮೆಣಸಿನಕಾಯಿನೂ ಹಾಕ್ರಿ ಅತ್ತಿ. ಬಯಲಾಗ ಐತಲ್ಲ, ನಿಂದಿರ್ತೀನಿ."

ಹೊಗೆ ಎದ್ದಿತು. ಕಾಲು ಊರಿದೆ. ಕೆಂಡ, ರಂಗೋಲಿ, ಮಗಳ ಜಡೆ. ಮೂವರೂ ಕಣ್ಣಲ್ಲಿ ನೀರು ಬರುವಂತೆ ಕೆಮ್ಮಿದೆವು.

"ಘಾಟು ಬಂತು. ಯಾರಿಗೂ ಏನೂ ಇಲ್ಲ," ಎಂದರು ಅತ್ತೆ.

"ನನಗ ಸ್ವಲ್ಪ ಐತಿ ಅತ್ತಿ."

"ಇದ್ರ ಇರ್ಲಿ ಬಿಡು. ಏನಂತ ಗೊತ್ತೈತಲ್ಲ. ಒಳಗ ನಡಿ."

ಕೊನೆಗೆ ಒಳಗೆ ಬಂದ ಅಮೂಲ್ಯ ಬಾಗಿಲ ಬಳಿ ನಿಂತು ನನ್ನ ಮುಖ ನೋಡಿದಳು.

"ಬಾಗ್ಲ ಮುಂದಕ್ಕ ಮಾಡು," ಎಂದೆ. "ಚಿಲಕ ಬ್ಯಾಡ."