ಖಾಸಿಂ ಚಾಚಾರ ಮಶಕ

ನೀರು ಹೊರುವ ಖಾಸಿಂ ಚಾಚಾ ನೀರು ತುಂಬಿ ಉಬ್ಬಿದ ಮಶಕವನ್ನು, ಅಂದರೆ ಚರ್ಮದ ಚೀಲವನ್ನು, ನನ್ನ ಮೇಜಿನ ಮೇಲಿದ್ದ ಉತ್ತರಪತ್ರಿಕೆಗಳ ಮೇಲೆಯೇ ಎತ್ತಿ ಹಿಡಿದರು. ಎಲ್ಲವೂ ಶಾಯಿಯಲ್ಲಿ ಬರೆದವು, ಒಂದನ್ನೂ ತಿದ್ದಿರಲಿಲ್ಲ.

ತಪ್ಪು ನನ್ನದೇ. ಚಿತ್ತಾಪುರದ ಶಾಲೆಯಲ್ಲಿ ಮಕ್ಕಳಿಗೆ ಇಂಗ್ಲಿಷಿನ ‘ಸ್ಟಾಂಚ್’ ಪದ ಹೇಳಿಕೊಡುತ್ತಿದ್ದೆ. ಕೊನೆತನಕ ಕೈಬಿಡದವನು ಎಂದರ್ಥ, ಮೊದಲು ನೀರು ಸೋರದ ಹಡಗಿಗೆ ಹಾಗೆನ್ನುತ್ತಿದ್ದರು ಎಂದೆ. ಹಡಗನ್ನೇ ಕಾಣದ ಮಕ್ಕಳು ಪಿಳಿಪಿಳಿ ನೋಡಿದರು. ಕುಡಿಯುವ ನೀರಿನ ಹರವಿ ತುಂಬಿಸಲು ಬಂದಿದ್ದ ಚಾಚಾ ಬಾಗಿಲಲ್ಲೇ ಕೇಳಿಸಿಕೊಂಡು ಒಳಗೆ ನುಗ್ಗಿದ್ದರು.

“ಹಡಗ ಯಾಕ್ರಿ ಮಾಸ್ತರ? ಇದರಾಗಿಂದ ಒಂದ ಹನಿ ಬಿದ್ರ ನಾಳಿಂದ ನಾ ಬರಂಗಿಲ್ಲ.”

ಮಕ್ಕಳು ಜೋರಾಗಿ ನೂರರವರೆಗೆ ಎಣಿಸಿದರು. ಹನಿ ಬೀಳಲಿಲ್ಲ. ಗುಟ್ಟೇನೆಂದು ಕೇಳಿದೆ.

“ಒಣಗಾಕ ಬಿಡಬಾರದ್ರಿ, ಒಣಗಿದ್ರ ಬಿರೀತದ. ದಿನಾ ತುಂಬತೀನಿ, ಅಷ್ಟೇ.”

ಮುಂದೆ ಶಾಲೆಗೆ ನಳ ಬಂತು. ಚಾಚಾ ಆಮೇಲೂ ದಿನಾ ಮಶಕ ತುಂಬಿ ತಂದು ಅಂಗಳದ ಬೇವಿನ ಸಸಿಗೆ ಸುರಿದು ಹೋಗುತ್ತಿದ್ದರು. ಈಗ ಅದರ ನೆರಳಲ್ಲಿ ಎರಡು ತರಗತಿ ಕೂರುತ್ತವೆ. ‘ಸ್ಟಾಂಚ್’ ಪದದ ಅರ್ಥ ಕೇಳುವ ಮಕ್ಕಳನ್ನು ನಾನು ಅಲ್ಲಿಗೇ ಕರೆದೊಯ್ಯುತ್ತೇನೆ.